ಬೆರೆಯುವ ಗುಳಿಗೆ

ಹೋದ ಆಷಾಢದಲ್ಲಿ ಒಂದು ಮಧ್ಯಾಹ್ನ. ಹೊರಗೆ ಜಿಟಿಜಿಟಿ ಮಳೆ. ಹಳೇ ಹುಬ್ಬಳ್ಳಿಯ ನಮ್ಮ ಔಷಧಿ ಅಂಗಡಿಯಲ್ಲಿ ನಾನು, ನನ್ನ ತಮ್ಮ ಇಬ್ಬರೇ. ಅಣ್ಣಿಗೇರಿ ಕಡೆಯವರೊಬ್ಬರು ಬಂದರು. ಟವೆಲ್ಲಿನಿಂದ ತಲೆ ಒರೆಸಿಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಮೊಬೈಲ್ ತೆಗೆದು, ವಾಟ್ಸಾಪಿಗೆ ಬಂದ ಒಂದು ವಿಡಿಯೋ ತೋರಿಸಿದರು. ಮೂಗಿಗೆ ಹೊಡೆಯುವ ಸ್ಪ್ರೇ ಬಾಟಲಿ. ಮೇಲೆ ಆಕ್ಸಿಟೋಸಿನ್ ಅಂತ ಹೆಸರು.

"ಅಕ್ಕಾರ, ಇದು ನಿಮ್ಮಲ್ಲೆ ಸಿಗತೈತೇನ್ರಿ? ನಮ್ಮ ಹುಡುಗಗ ಆಟಿಸಂ ಐತಿ ಅಂದಾರ. ಏಳು ವರ್ಷ. ಇದನ್ನ ಹೊಡದ್ರ ಮಂದಿ ಜೋಡಿ ಬೆರೀತಾನಂತ."

ನಾನು ಬಾಯಿ ತೆಗೆಯುವಷ್ಟರಲ್ಲಿ ಅವರೇ ಮತ್ತೆ ಕೇಳಿದರು. "ಅಲ್ರಿ, ನನಗೊಂದು ತಿಳೀವಲ್ದು. ಇದು ಎಮ್ಮಿಗೆ ಮಾಡೂ ಸೂಜಿ ಅಲ್ಲೇನ್ರಿ?"

ಹೌದು, ಅದೇ. ಹೆರಿಗೆ ಆದ ಕೂಡಲೇ ಬಾಣಂತಿಗೆ ರಕ್ತ ಜಾಸ್ತಿ ಹೋಗದಿರಲಿ ಅಂತ 10 ಯುನಿಟ್ ಕೊಡುತ್ತಾರಲ್ಲ, ಆ ಸೂಜಿ. ಹಾಲಿನ ಆಸೆಗೆ ಕೆಲವರು ಕದ್ದುಮುಚ್ಚಿ ಎಮ್ಮೆಗೆ ಚುಚ್ಚುವುದೂ ಅದನ್ನೇ. ಕರು ಬಾಯಿ ಹಾಕಿದಾಗ ತಾಯಿಯ ಮೆದುಳಿನಿಂದ ಈ ಹಾರ್ಮೋನು ಹೊರಡುತ್ತೆ, ಕೆಚ್ಚಲಲ್ಲಿ ಹಾಲು ಇಳಿಯುತ್ತೆ. ಕರು ಸತ್ತರೆ ಎಮ್ಮೆ ಹಾಲು ಬಿಡಲ್ಲ. ಆಗ ಹಳ್ಳಿಗಳಲ್ಲಿ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಎದುರಿಗೆ ನಿಲ್ಲಿಸುತ್ತಿದ್ದರು. ಆಮೇಲೆ ಸೂಜಿ ಬಂತು.

"ನಮ್ಮದೊಂದು ಎಮ್ಮಿಗೆ ಮಾಡಿಸಿದ್ವಿರಿ, ಕರಾ ಸತ್ತಾಗ," ಅಂದರು. ಸ್ವಲ್ಪ ನಾಚಿಕೊಂಡೇ ಹೇಳಿದರು. "ಹಾಲು ಬಂತು. ಆದ್ರ ಎಮ್ಮಿ ನಮ್ಮ ಮಾರಿ ಸುದ್ದಾ ನೋಡ್ತಿರಲಿಲ್ರಿ."

ಮೊಬೈಲಿನ ಪರದೆ ಆರಿತು. ಅವರು ಮತ್ತೆ ಬೆಳಗಿಸಿದರು. "ಹುಡುಗಗ ಹೊಡದ್ರ ಅಂವ ನನ್ನ ಮಾರಿ ನೋಡ್ತಾನೇನ್ರಿ?"

ನನ್ನ ತಮ್ಮ ಹಿಂದಿನ ಸ್ಟೂಲಿನ ಮೇಲೆ ಕೂತು ಗುಳಿಗೆ ಸ್ಟ್ರಿಪ್‌ಗಳನ್ನು ಎಕ್ಸ್‌ಪೈರಿ ತಿಂಗಳ ಪ್ರಕಾರ ಜೋಡಿಸುತ್ತಿದ್ದ. ಅವನಿಗೆ 26. ಅವನಿಗೂ ಆಟಿಸಂ. ಪತ್ರಿಕೆಯವರು ಸ್ವಲೀನತೆ ಅಂತ ಬರೆಯುತ್ತಾರೆ. ನನಗೆ ಆ ಪದ ಯಾಕೋ ಹಿಡಿಸಲ್ಲ. ತನ್ನಲ್ಲೇ ಲೀನವಾದವನು ನಿನ್ನೆ ಸಂಜೆ ಬಂದ ಗಿರಾಕಿ ಎಷ್ಟು ಚಿಲ್ಲರೆ ಬಿಟ್ಟು ಹೋದ ಅಂತ ನೆನಪಿಟ್ಟುಕೊಳ್ಳುತ್ತಾನಾ?

ಮೊದಲು ಆ ಸ್ಪ್ರೇ ವಿಷಯ ಮುಗಿಸುತ್ತೇನೆ. ಆಕ್ಸಿಟೋಸಿನ್ನಿಗೆ ದೊಡ್ಡ ಹೆಸರಿದೆ. ಇದನ್ನು ಪ್ರಯೋಗಾಲಯದಲ್ಲಿ ಮೊದಲು ತಯಾರಿಸಿದ ವಿನ್ಸೆಂಟ್ ಡು ವಿನ್ಯೋಗೆ 1955ರಲ್ಲಿ ನೊಬೆಲ್ ಬಂತು. 2005ರಲ್ಲಿ ಜ್ಯೂರಿಕ್‌ನಲ್ಲಿ ಗಂಡಸರ ಮೂಗಿಗೆ ಇದನ್ನು ಹೊಡೆದು ದುಡ್ಡಿನ ಒಂದು ಆಟ ಆಡಿಸಿದರು. ಹೊಡೆಸಿಕೊಂಡವರು ಗುರುತಿಲ್ಲದವರ ಕೈಗೆ ಜಾಸ್ತಿ ದುಡ್ಡು ಕೊಟ್ಟರಂತೆ. ಅಲ್ಲಿಂದ ಶುರುವಾಯಿತು ನೋಡಿ, ನಂಬಿಕೆಯ ಹಾರ್ಮೋನು, ಪ್ರೀತಿಯ ಹಾರ್ಮೋನು ಅನ್ನೋ ಹಾಡು. ಹಾಗಾದರೆ ಆಟಿಸಂ ಇರುವ ಮಕ್ಕಳಿಗೂ ಕೊಟ್ಟು ನೋಡೋಣ ಅಂದರು. ಸಣ್ಣ ಸಣ್ಣ ಪ್ರಯೋಗಗಳಲ್ಲಿ ಅಲ್ಲೊಂದು ಇಲ್ಲೊಂದು ಒಳ್ಳೆಯ ಸುದ್ದಿ ಬಂತು. ಕೊನೆಗೆ ಅಮೆರಿಕದಲ್ಲಿ ದೊಡ್ಡದಾಗಿ ಮಾಡಿದರು. 3ರಿಂದ 17 ವರ್ಷದ 290 ಮಕ್ಕಳು, 24 ವಾರ, ದಿನಾ ಸ್ಪ್ರೇ. ಅರ್ಧ ಜನರಿಗೆ ಔಷಧಿ, ಇನ್ನರ್ಧ ಜನರಿಗೆ ಔಷಧಿ ಇಲ್ಲದ ಬರೀ ಸ್ಪ್ರೇ. 2021ರಲ್ಲಿ ಫಲಿತಾಂಶ ಬಂತು. ಬೆರೆಯುವುದರಲ್ಲಿ ಎರಡೂ ಗುಂಪಿಗೆ ವ್ಯತ್ಯಾಸ ಇರಲಿಲ್ಲ.

ನಮ್ಮ ರಾಜ್ಯಕ್ಕೂ ಈ ಔಷಧಿಗೂ ಒಂದು ನಂಟಿದೆ, ಸುಮ್ನೆ ಹೇಳ್ತೀನಿ. ಎಮ್ಮೆಗೆ ಚುಚ್ಚುವುದನ್ನು ತಡೆಯಬೇಕು ಅಂತ 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳು ಇದನ್ನು ತಯಾರಿಸಬಾರದು ಅಂದಿತು. ಬೆಂಗಳೂರಿನ ಸರ್ಕಾರಿ ಕಂಪನಿ ಕರ್ನಾಟಕ ಆಂಟಿಬಯಾಟಿಕ್ಸ್ ಒಂದೇ ಇಡೀ ದೇಶಕ್ಕೆ ತಯಾರಿಸಬೇಕು ಅನ್ನೋ ಆದೇಶ. ಬಾಣಂತಿಯರಿಗೆ ಬೇಕಾದ ಸೂಜಿ ಸಿಗದೇ ಹೋದೀತು ಅಂತ ಗಲಾಟೆಯಾಗಿ, ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು. ಆ ಆರು ತಿಂಗಳು ನಮ್ಮಂಥ ಅಂಗಡಿಯವರಿಗೆ ಬರೀ ಫೋನು.

ಇಷ್ಟನ್ನೂ ನಾನು ಅವರಿಗೆ ಹೇಳಲಿಲ್ಲ. "ಅದು ಹುಡುಗರಿಗೆ ಉಪಯೋಗ ಆಗಿಲ್ರಿ ಅಣ್ಣಾರ, ದೊಡ್ಡ ಪರೀಕ್ಷಾ ಮಾಡಿ ನೋಡ್ಯಾರ" ಅಂದೆ. ಅವರು ಮೊಬೈಲನ್ನು ಮತ್ತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಲಿಲ್ಲ. ಕೈಯಲ್ಲೇ ಹಿಡಿದುಕೊಂಡು ನಿಂತರು. ಮುಂದೆ ಏನು ಕೇಳುತ್ತಾರೆ ಅಂತ ನನಗೆ ಗೊತ್ತಿತ್ತು. ನಮ್ಮ ಅವ್ವ ಇಪ್ಪತ್ತು ವರ್ಷ ಅದನ್ನೇ ಕೇಳಿದ್ದಾಳೆ. ಹಂಗಾರ ಯಾವುದು ಕೊಡ್ತೀರಿ?

ತಮ್ಮ ನಾಲ್ಕು ವರ್ಷಕ್ಕೂ ಮಾತಾಡದಿದ್ದಾಗ ಅವ್ವ ದಿನಾ ಬಜೆ ಬೇರು ತೇದು ನಾಲಿಗೆಗೆ ಹಚ್ಚಿದಳು. ಸಿದ್ಧಾರೂಢ ಮಠಕ್ಕೆ ಸೋಮವಾರ ಸೋಮವಾರ ನಡೆದುಕೊಂಡು ಹೋದಳು. ಯಾರೋ ಬಾಟಲಿಗಟ್ಟಲೆ ಟಾನಿಕ್ ಕೊಟ್ಟರು. ಇನ್ಯಾರೋ ಗೋಧಿ ಬಿಡಿಸಿ ಅಂದರು. ಐದೂವರೆ ವರ್ಷಕ್ಕೆ ಅವನು ಆಡಿದ ಮೊದಲ ಪೂರ್ತಿ ವಾಕ್ಯ "ಫ್ಯಾನ್ ಸಪ್ಪಳಾ ಮಾಡತೈತಿ". ಅವ್ವ ಬಜೆಯಿಂದ ಅಂದಳು. ಅಪ್ಪ ಸಿದ್ಧಾರೂಢರಿಂದ ಅಂದ. ಫ್ಯಾನ್ ನಿಜಕ್ಕೂ ಸಪ್ಪಳ ಮಾಡುತ್ತಿತ್ತು, ಅದನ್ನು ಯಾರೂ ನೋಡಲಿಲ್ಲ.

ಅವನ ಕಷ್ಟ ಏನು ಅಂತ ಹೇಳಬೇಕಂದ್ರೆ ಒಂದು ಊಟದ ಕತೆ ಹೇಳಬೇಕು. ನಮ್ಮ ಕಡೆ ಊಟಕ್ಕೆ ಕೂತವರು ಯಾರು ಬಾಗಿಲ ಮುಂದೆ ಹಾದರೂ "ಬರ್ರಿ ಊಟಕ್ಕ" ಅನ್ನುತ್ತಾರೆ. ಹಾದು ಹೋಗುವವರು "ಆತ್ರಿ, ನೀವು ಮಾಡ್ರಿ" ಅಂದು ಹೋಗುತ್ತಾರೆ. ಎರಡೂ ಕಡೆಯವರಿಗೆ ಅದು ಬಾಯಿಮಾತು ಅಂತ ಗೊತ್ತು. ನನ್ನ ತಮ್ಮ ಹತ್ತು ವರ್ಷದವನಿದ್ದಾಗ ಪಕ್ಕದ ಮನೆ ಕಾಕಾ ಹಾಗೇ ಅಂದರು. ಇವನು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕೈಕಾಲು ತೊಳೆದು, ಅವರ ಪಕ್ಕ ಕೂತ. ಕಾಕೂ ಗಾಬರಿಯಾಗಿ ತಾಟು ಹಾಕಿದರು. ಎರಡು ರೊಟ್ಟಿ, ಝುಣಕ ತಿಂದ. "ಉಪ್ಪು ಜಾಸ್ತಿ ಆಗೈತಿ" ಅಂದ. ಎದ್ದು ಬಂದ. ಮರುದಿನ ಅದೇ ಹೊತ್ತಿಗೆ ಮತ್ತೆ ಹೋದ. ಯಾಕಂದ್ರೆ ಕಾಕಾ ಮತ್ತೆ ಕರೆದಿದ್ದರು.

ಓಣಿಯೆಲ್ಲ ನಕ್ಕಿತು. ಅವ್ವ ಅತ್ತಳು. ನಾನು ಅವನಿಗೆ ಒಂದು ವಾರ ಪಾಠ ಮಾಡಿದೆ. "ಬರ್ರಿ ಊಟಕ್ಕ ಅಂದ್ರ ಬರಬ್ಯಾಡ್ರಿ ಅಂತ." ಅವನು ಕೇಳಿದ, "ಹಂಗಾರ ಬರ್ರಿ ಅನ್ನೂದಕ್ಕ ಏನನ್ನಬೇಕು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಔಷಧಿಯ ಹುಡುಕಾಟ ನಮ್ಮ ಅವ್ವನಿಗಿಂತ ಹಳೆಯದು. ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದು ಆಟಿಸಂಗೆ ಒಂದು ಹೆಸರು ಕೊಟ್ಟಿದ್ದು 1943ರಲ್ಲಿ. ಅದೇ ವರ್ಷ ಏಪ್ರಿಲ್ಲಿನಲ್ಲಿ ಸ್ವಿಟ್ಜರ್‌ಲೆಂಡಿನ ರಸಾಯನ ವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ ತಾನೇ ತಯಾರಿಸಿದ, ಇಲ್ಲದ್ದನ್ನು ಕಾಣಿಸುವ ಎಲ್‌ಎಸ್‌ಡಿ ಅನ್ನೋ ಔಷಧಿ ತನ್ನ ಮೈಯಲ್ಲಿ ಏನು ಮಾಡುತ್ತೆ ಅಂತ ಕಂಡುಕೊಂಡರು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಎರಡೂ ಒಂದು ಕಡೆ ಸೇರಿದವು. ನ್ಯೂಯಾರ್ಕಿನ ಕ್ರೀಡ್‌ಮೋರ್ ಆಸ್ಪತ್ರೆಯಲ್ಲಿ ಲೊರೆಟ್ಟಾ ಬೆಂಡರ್ ಅನ್ನೋ ಮನೋವೈದ್ಯೆ 1961ರಿಂದ ಮಕ್ಕಳಿಗೆ ಎಲ್‌ಎಸ್‌ಡಿ ಕೊಡಲು ಶುರು ಮಾಡಿದರು. ದಿನಾ, ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ. ಅವರಲ್ಲಿ ಎಷ್ಟೋ ಮಕ್ಕಳಿಗೆ ಮಾತೇ ಬರುತ್ತಿರಲಿಲ್ಲ. ಮಕ್ಕಳು ಜಾಸ್ತಿ ನಗುತ್ತಾರೆ, ಮುಖ ನೋಡುತ್ತಾರೆ, ದೊಡ್ಡವರ ಹತ್ತಿರ ಬರುತ್ತಾರೆ ಅಂತ ಬರೆದರು. ಹೋಲಿಸಿ ನೋಡಲು ಔಷಧಿ ಕೊಡದ ಗುಂಪು ಇರಲಿಲ್ಲ. ಮಾತು ಬಾರದ ಆರೇಳು ವರ್ಷದ ಮಗುವಿಗೆ ಗೋಡೆ ಕರಗಿದಂತೆ, ಬಣ್ಣ ಕೂಗಿದಂತೆ ಕಂಡರೆ ಅದು ಯಾರಿಗೆ ಹೇಳಬೇಕು? ಫ್ಯಾನಿನ ಸಪ್ಪಳಕ್ಕೇ ಕಿವಿ ಮುಚ್ಚಿಕೊಳ್ಳುವ ಮಗು ಅದು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರು ಬರೆದಿಟ್ಟಿದ್ದು ನಗುವಿನ ಲೆಕ್ಕ.

ಆಮೇಲೆ 1998ರಲ್ಲಿ ಸೆಕ್ರೆಟಿನ್ ಬಂತು. ಇದು ಮೇದೋಜೀರಕದ ಪರೀಕ್ಷೆಗೆ ಕೊಡುವ ಹಾರ್ಮೋನು. ಅಮೆರಿಕದಲ್ಲಿ ಮೂರು ಮಕ್ಕಳಿಗೆ ಹೊಟ್ಟೆಯ ಪರೀಕ್ಷೆಗೆ ಅಂತ ಕೊಟ್ಟಾಗ ಮಾತು, ನೋಟ ಸುಧಾರಿಸಿತು ಅಂತ ವರದಿಯಾಯಿತು. ಟಿವಿಯಲ್ಲಿ ಬಂತು. ಜನ ಮುಗಿಬಿದ್ದರು. ಮರುವರ್ಷ 60 ಮಕ್ಕಳ ಮೇಲೆ ಸರಿಯಾಗಿ ಪರೀಕ್ಷೆ ಮಾಡಿದರು. ಬರೀ ಉಪ್ಪುನೀರಿನ ಸೂಜಿ ತಗೊಂಡ ಮಕ್ಕಳೂ ಅಷ್ಟೇ ಸುಧಾರಿಸಿದ್ದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಕೊನೆಯ ಅಂಕಿ. ಇದರಿಂದ ಉಪಯೋಗ ಇಲ್ಲ ಅಂತ ತಂದೆತಾಯಿಗೆ ಹೇಳಿದ ಮೇಲೂ, ನೂರಕ್ಕೆ 69 ಜನ ನಮ್ಮ ಮಗುವಿಗೆ ಇದು ಇನ್ನೂ ಬೇಕು ಅಂದರು.

ಅವ್ವ ಅಲ್ಲಿದ್ದರೆ ಆ 69ರಲ್ಲಿ ಒಬ್ಬಳಾಗುತ್ತಿದ್ದಳು. ಇದನ್ನು ಮೂಢತನ ಅನ್ನೋಕೆ ನನಗೆ ಬಾಯಿ ಬರಲ್ಲ. ಸೂಜಿ ಮಾಡಿಸಿದ ದಿನದಿಂದ ಅವರು ಮಗುವನ್ನು ಗಮನವಿಟ್ಟು ನೋಡಿದ್ದಾರೆ. ಗಮನವಿಟ್ಟು ನೋಡಿದರೆ ಯಾವ ಮಗುವಿನಲ್ಲೂ ಹೊಸದು ಕಾಣುತ್ತೆ, ಅಲ್ವಾ?

ಹಂಗಾರ ನನ್ನ ಅಂಗಡಿಯ ರ‍್ಯಾಕಿನಲ್ಲಿ ಆಟಿಸಂಗೆ ಏನಿದೆ? ರಿಸ್ಪೆರಿಡೋನ್ ಇದೆ, ಅರಿಪಿಪ್ರಜೋಲ್ ಇದೆ. ಅಮೆರಿಕದಲ್ಲಿ ಮೊದಲನೆಯದಕ್ಕೆ 2006ರಲ್ಲಿ, ಎರಡನೆಯದಕ್ಕೆ 2009ರಲ್ಲಿ ಒಪ್ಪಿಗೆ ಸಿಕ್ಕಿತು. ಬೆರೆಯುವುದಕ್ಕಲ್ಲ. ತಾನೇ ತಲೆ ಚಚ್ಚಿಕೊಳ್ಳುವುದು, ಕಚ್ಚುವುದು, ತಡೆಯಲಾಗದ ಸಿಟ್ಟು, ಇಷ್ಟಕ್ಕೆ. 2002ರ ಪರೀಕ್ಷೆಯಲ್ಲಿ 101 ಮಕ್ಕಳಿದ್ದರು, ಎಂಟು ವಾರ. ರಿಸ್ಪೆರಿಡೋನ್ ತಗೊಂಡವರಲ್ಲಿ ನೂರಕ್ಕೆ 69 ಜನರಿಗೆ ಗುಣ ಕಂಡಿತು, ಔಷಧಿ ಇಲ್ಲದ ಬರೀ ಗುಳಿಗೆ ತಗೊಂಡವರಲ್ಲಿ ನೂರಕ್ಕೆ 12 ಜನರಿಗೆ. ಮತ್ತೆ ಅದೇ 69. ಏನೂ ಸಂಬಂಧ ಇಲ್ಲ, ಆದರೂ ತಮ್ಮನಿಗೆ ಇದನ್ನು ಹೇಳಿದರೆ ಖುಷಿಪಡುತ್ತಾನೆ. ಆ ಎಂಟು ವಾರದಲ್ಲಿ ಔಷಧಿ ತಗೊಂಡ ಮಕ್ಕಳ ತೂಕ ಸರಾಸರಿ 2.7 ಕಿಲೋ ಏರಿತ್ತು. ಉಳಿದವರದು 0.8.

ತಮ್ಮನಿಗೆ 15 ಆದಾಗ ಡಾಕ್ಟರು ಇದನ್ನೇ ಬರೆದರು. ಆಗ ಅವನು ಮುಂಗೈ ಕಚ್ಚಿಕೊಂಡು ರಕ್ತ ಬರಿಸಿಕೊಳ್ಳುತ್ತಿದ್ದ. ಗುಳಿಗೆ ಶುರುವಾಗಿ ಮೂರು ವಾರಕ್ಕೆ ಕಚ್ಚುವುದು ನಿಂತಿತು. ಇದನ್ನು ನಾನು ಮರೆಯಬಾರದು. ಒಳ್ಳೆಯದನ್ನೇ ಮಾಡಿತು. ಒಂದು ವರ್ಷದಲ್ಲಿ ಎರಡು ಸಲ ಪ್ಯಾಂಟು ಹೊಸದಾಗಿ ಹೊಲಿಸಿದೆವು, ಅದೂ ನಿಜ.

ಇನ್ನು ನನ್ನ ಮದುವೆ. ಇದನ್ನು ಬರೆಯಲೋ ಬೇಡವೋ ಅಂತ ಬಹಳ ದಿನ ಮುಂದೂಡಿದೆ. ಗಂಡಿನ ಕಡೆಯವರು ಗದಗಿನವರು. ದೊಡ್ಡ ಮನೆತನ. ನನ್ನ ಡಿ ಫಾರ್ಮ್ ಮುಗಿದಿತ್ತು. ತಮ್ಮನ ವಿಷಯ ಅವರಿಗೆ ಅರ್ಧಮರ್ಧ ಗೊತ್ತಿತ್ತು. ಅದಕ್ಕೆ ಮೂರು ತಿಂಗಳ ಮುಂಚೆ ಚಿಕ್ಕಪ್ಪನ ಮಗಳ ಮದುವೆಯಲ್ಲಿ ತಮ್ಮ ಒಂದು ಕೆಲಸ ಮಾಡಿದ್ದ. ಕಲ್ಯಾಣ ಮಂಟಪದ ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಗಳನ್ನೆಲ್ಲ ಜೋಡಿ ಮಾಡಿ, ಸಾಲಾಗಿಟ್ಟು, ಎಣಿಸಿದ್ದ. 412 ಜೋಡಿ. ಒಂದು ಒಂಟಿ. ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ವೇದಿಕೆ ಹತ್ತಿ, ಮೈಕಿನ ಹತ್ತಿರ ಹೋಗಿ, "ಒಂದ ಚಪ್ಲಿ ಯಾರದು?" ಅಂತ ಕೇಳಿದ್ದ. ಬೀಗರು ನಕ್ಕಿದ್ದು ಒಳ್ಳೆಯ ನಗು ಆಗಿರಲಿಲ್ಲ.

ನನ್ನ ಮದುವೆಯ ಬೆಳಿಗ್ಗೆ ನಾನು ಅವನ ರಾತ್ರಿಯ ಗುಳಿಗೆಯಲ್ಲಿ ಒಂದನ್ನು ತೆಗೆದು ಉಪ್ಪಿಟ್ಟಿನ ಜೊತೆ ಕೊಟ್ಟೆ. ಡಾಕ್ಟರನ್ನು ಕೇಳಲಿಲ್ಲ. ಅವ್ವನಿಗೂ ಹೇಳಲಿಲ್ಲ. ಅರಿಶಿಣದ ಕೈಯಲ್ಲೇ ಸ್ಟ್ರಿಪ್ ಒತ್ತಿದೆ. ಅಲ್ಯೂಮಿನಿಯಂ ಹಾಳೆಗೆ ಹಳದಿ ಬೆರಳು ಮೂಡಿತು. "ಇದು ರಾತ್ರಿದು" ಅಂದ ಅವನು. "ಇವತ್ತು ಮುಂಜಾನೆನೂ ಐತಿ" ಅಂದೆ. ಅಕ್ಕ ಹೇಳಿದ್ದಾಳೆ ಅಂತ ನುಂಗಿದ.

ಅವನು ಇಡೀ ದಿನ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದ. ಕರೆದರೆ ಎದ್ದ. ಕೂಡು ಅಂದರೆ ಕೂತ. ಫೋಟೋದವನು ಇಲ್ಲಿ ನೋಡಪ್ಪಾ ಅಂದಾಗ ನೋಡಿದ. ಬಂದವರೆಲ್ಲ ಅವ್ವನಿಗೆ ಹೇಳಿದರು, "ಎಷ್ಟು ಶಾಣ್ಯಾ ಆಗ್ಯಾನ್ರಿ ನಿಮ್ಮ ಹುಡುಗ!" ಅವ್ವನಿಗೆ ಅಂಥ ಸಂತೋಷ ನಾನು ಮುಂಚೆ ನೋಡಿರಲಿಲ್ಲ. ಆಲ್ಬಮ್ಮಿನಲ್ಲಿ ಅವನು 17 ಫೋಟೋಗಳಲ್ಲಿದ್ದಾನೆ. ಎಲ್ಲದರಲ್ಲೂ ಕ್ಯಾಮೆರಾ ಕಡೆಗೇ ನೋಡುತ್ತಿದ್ದಾನೆ. ಒಂದರಲ್ಲಿ ಗಲ್ಲದ ಮೇಲೆ ಜೊಲ್ಲು ಹೊಳೆಯುತ್ತಿದೆ. ಹತ್ತಿರದಿಂದ ನೋಡಿದರೆ ಮಾತ್ರ ಗೊತ್ತಾಗುತ್ತೆ.

ಒಂದು ವಾರ ಆದ ಮೇಲೆ ತವರಿಗೆ ಬಂದಾಗ ಕೇಳಿದ, "ಅಕ್ಕ, ನಿನ್ನ ಮದುವ್ಯಾಗ ಎಷ್ಟು ಜೋಡಿ ಚಪ್ಲಿ ಇದ್ದು?"

ಆವತ್ತು ಅವನ ಹತ್ತಿರ ಲೆಕ್ಕ ಇರಲಿಲ್ಲ. ಅವನಿಗೆ ಅದು ಕಳೆದುಹೋದ ದಿನ. ಎರಡು ವರ್ಷದ ನಂತರ ಡಾಕ್ಟರೇ ಸಾವಕಾಶವಾಗಿ ಗುಳಿಗೆ ಕಡಿಮೆ ಮಾಡಿ ನಿಲ್ಲಿಸಿದರು. ನಾನು ಅವರಿಗೆ ಆ ಬೆಳಗಿನ ವಿಷಯ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅದಕ್ಕೇ ಈಗ ಯಾರಾದರೂ ಬೆರೆಯುವ ಗುಳಿಗೆ ಕೇಳಿದರೆ ನನಗೆ ಮೊದಲು ಬರುವ ಅನುಮಾನ, ಇದು ಯಾರ ಕಷ್ಟಕ್ಕೆ ಗುಳಿಗೆ ಅಂತ.

ಇಷ್ಟು ಹೇಳಿ ಔಷಧಿಗಳೆಲ್ಲ ದಂಡ ಅಂದುಬಿಟ್ಟರೆ ಅದೂ ಸುಳ್ಳೇ ಆಗುತ್ತೆ. ಇತ್ತೀಚೆಗೆ ನನ್ನ ತಲೆಯಲ್ಲಿ ಕೂತಿರುವುದು ಎಂಡಿಎಂಎ ಅನ್ನೋ ಮಾದಕ ವಸ್ತು. ಪೇಪರಿನಲ್ಲಿ ನಾವು ಈ ಹೆಸರು ನೋಡುವುದು ಪೊಲೀಸರು ಹಿಡಿದರು ಅನ್ನೋ ಸುದ್ದಿಯಲ್ಲಿ ಮಾತ್ರ. ಮಾದಕ ವಸ್ತು ತಡೆಯುವ ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ 10 ಗ್ರಾಮಿಗಿಂತ ಜಾಸ್ತಿ ಸಿಕ್ಕರೆ ಕನಿಷ್ಠ 10 ವರ್ಷ ಜೈಲು. ಜರ್ಮನಿಯ ಮರ್ಕ್ ಕಂಪನಿ 1912ರಲ್ಲೇ ಇದನ್ನು ಬೇರೆ ಯಾವುದೋ ಔಷಧಿಯ ಹಾದಿಯಲ್ಲಿ ತಯಾರಿಸಿ ಮೂಲೆಗಿಟ್ಟಿತ್ತು. ಮೆದುಳಿನಲ್ಲಿ ಸೆರೊಟೋನಿನ್ ಅನ್ನೋ, ಮನಸ್ಸಿನ ಏರಿಳಿತಕ್ಕೆ ಸಂಬಂಧಪಟ್ಟ ರಾಸಾಯನಿಕವನ್ನು ಒಮ್ಮೆಲೇ ಹರಿಸುತ್ತೆ. ರಕ್ತದಲ್ಲಿ ಆಕ್ಸಿಟೋಸಿನ್ನೂ ಏರುತ್ತೆ. ಎಮ್ಮೆ ಸೂಜಿ ಇಲ್ಲೂ ಬಂತು ನೋಡಿ.

ಅಮೆರಿಕದಲ್ಲಿ ಅಲಿಸಿಯಾ ಡ್ಯಾನ್‌ಫೋರ್ತ್, ಚಾರ್ಲ್ಸ್ ಗ್ರೋಬ್ ಮತ್ತು ಅವರ ಜೊತೆಯವರು 2018ರಲ್ಲಿ ಒಂದು ಸಣ್ಣ ಪ್ರಯೋಗದ ಫಲಿತಾಂಶ ಬರೆದರು. 12 ಜನ. ಮಕ್ಕಳಲ್ಲ, ಆಟಿಸಂ ಇರುವ ದೊಡ್ಡವರು. ತಾವೇ ಒಪ್ಪಿ ಬಂದವರು. ಎಲ್ಲರಿಗೂ ಜನರ ನಡುವೆ ಹೋಗಲು ವಿಪರೀತ ಭಯ. 8 ಜನರಿಗೆ ಎಂಡಿಎಂಎ, 4 ಜನರಿಗೆ ಬರೀ ಗುಳಿಗೆ. ನುಂಗಿಸಿ ಮನೆಗೆ ಕಳಿಸಲಿಲ್ಲ. ಮುಂಚೆ ಹಲವು ದಿನ ಮಾತುಕತೆ, ಆಮೇಲೆ ಇಡೀ ದಿನ ಪಕ್ಕದಲ್ಲಿ ಥೆರಪಿಸ್ಟ್. ಸುಮಾರು ಒಂದು ತಿಂಗಳ ಅಂತರದಲ್ಲಿ ಇಂಥವು ಎರಡು ದಿನ. ಜನರ ಭಯವನ್ನು 144 ಅಂಕಕ್ಕೆ ಅಳೆಯುವ ಒಂದು ಪಟ್ಟಿ ಇದೆ. ಅದರಲ್ಲಿ ಔಷಧಿ ತಗೊಂಡವರದು ಸರಾಸರಿ 44 ಅಂಕ ಇಳಿಯಿತು, ತಗೊಳ್ಳದವರದು 19. ಆರು ತಿಂಗಳ ನಂತರವೂ ಹೆಚ್ಚುಕಡಿಮೆ ಹಾಗೇ ಇತ್ತು.

12 ಜನ ಅಂದ್ರೆ ಏನು? ನಮ್ಮ ಓಣಿಯ ಗಣಪತಿ ಕಮಿಟಿಯಲ್ಲಿ ಅದಕ್ಕಿಂತ ಜಾಸ್ತಿ ಜನ ಇದ್ದಾರೆ. ಇನ್ನೊಂದು ತೊಂದರೆ, ತಗೊಂಡವರಿಗೆ ನಾನು ಯಾವುದು ತಗೊಂಡೆ ಅಂತ ಒಂದು ಗಂಟೆಯೊಳಗೆ ಗೊತ್ತಾಗಿಬಿಡುತ್ತೆ. ಎದೆ ಬಡಿತ ಏರುತ್ತೆ, ಮೈ ಬಿಸಿಯಾಗುತ್ತೆ. ಮನಸ್ಸಿಗೆ ಬಿದ್ದ ಪೆಟ್ಟು ಆರದೇ ಕಾಡುವ ಆಘಾತದ ಕಾಯಿಲೆಗೆ (ಪಿಟಿಎಸ್‌ಡಿ) ಇದನ್ನು ಔಷಧಿಯಾಗಿ ಒಪ್ಪಬೇಕು ಅಂತ ಕೇಳಿದಾಗ 2024ರ ಆಗಸ್ಟಿನಲ್ಲಿ ಅಮೆರಿಕದ ಔಷಧಿ ಇಲಾಖೆ ಒಪ್ಪಲಿಲ್ಲ. ಅಲ್ಲೂ ಈ ಪ್ರಶ್ನೆ ಎದ್ದಿತ್ತು. ಆಸ್ಟ್ರೇಲಿಯಾ ಅದೇ ಆಘಾತದ ಕಾಯಿಲೆಗೆ 2023ರ ಜುಲೈಯಿಂದ ಮನೋವೈದ್ಯರ ಕೈಗೆ ಕೊಟ್ಟಿದೆ. ಆಟಿಸಂಗೆ ಎಲ್ಲೂ ಇಲ್ಲ.

ಆದರೂ ಈ 12 ಜನರ ಪ್ರಯೋಗ ನನಗೆ ಉಳಿದವುಗಳಿಗಿಂತ ಹಿಡಿಸಿತು. ಅದು ಆಟಿಸಂ ತೆಗೀತೀವಿ ಅನ್ನಲಿಲ್ಲ. ಭಯ ಇಳಿಸ್ತೀವಿ ಅಂದಿತು. ಎರಡರ ನಡುವೆ ಬಹಳ ದೂರ ಇದೆ.

ತಮ್ಮ ಊಟಕ್ಕೆ ಕೂತ ವಯಸ್ಸಿನಲ್ಲಿ ಅವನಿಗೆ ಜನರ ಭಯ ಇರಲಿಲ್ಲ. ಕರೆದರೆ ಹೋಗುತ್ತಿದ್ದ. ಭಯ ಬಂದಿದ್ದು ಹನ್ನೆರಡರ ನಂತರ. ಶಾಲೆಯಲ್ಲಿ ಹುಡುಗರು ದಿನಾ ಮಧ್ಯಾಹ್ನ ಅವನನ್ನು ನಡುವೆ ನಿಲ್ಲಿಸಿ, ಅವರು ಹೇಳಿಕೊಟ್ಟ ಮಾತು ಅವನ ಬಾಯಿಂದ ಆಡಿಸಿ ನಗುತ್ತಿದ್ದರು. ಕೆಟ್ಟ ಮಾತು. ಅವನಿಗೆ ಅರ್ಥ ಗೊತ್ತಿಲ್ಲ. ಅವರು ನಕ್ಕರೆ ತಾನೂ ನಗುತ್ತಿದ್ದ. ಒಂದು ದಿನ ಅದೇ ಮಾತನ್ನು ಮನೆಗೆ ಬಂದ ಸೋದರತ್ತೆಗೆ ಹೇಳಿದ, ಅಪ್ಪನ ಕೈಯಿಂದ ಏಟು ತಿಂದ. ಆವತ್ತಿನಿಂದ ಯಾರ ನಗುವೂ ಅವನಿಗೆ ನಂಬಿಕೆ ಇಲ್ಲ. ಈಗಲೂ ಅಂಗಡಿ ಮುಂದೆ ಹುಡುಗರ ಗುಂಪು ನಕ್ಕರೆ ಅವನ ಕುತ್ತಿಗೆ ಒಳಗೆ ಹೋಗುತ್ತೆ, ಆಮೆಯ ಹಾಗೆ. ಕೈ ಸ್ಟ್ರಿಪ್ ಮೇಲೆ ನಿಂತುಬಿಡುತ್ತೆ. ಆ ಕುತ್ತಿಗೆಯನ್ನು ಸಡಿಲ ಮಾಡುವ ಔಷಧಿ, ಸರಿಯಾಗಿ ಪರೀಕ್ಷೆಯಾಗಿ, ಅವನೇ ಹ್ಞೂಂ ಅಂದರೆ, ನಾನು ಬೇಡ ಅನ್ನಲ್ಲ. ಬೀದಿಯಲ್ಲಿ ಸಿಗುವ ಪುಡಿಯ ಮಾತು ಬೇರೆ. ಅದರಲ್ಲಿ ಏನು ಬೆರೆಸಿದ್ದಾರೆ ಅಂತ ಮಾರುವವನಿಗೂ ಗೊತ್ತಿರಲ್ಲ. ಖಿನ್ನತೆಯ ಕೆಲವು ಗುಳಿಗೆಗಳ ಜೊತೆ ಅದು ಪ್ರಾಣಕ್ಕೇ ಕುತ್ತು.

ಇದೇ ಎಂಡಿಎಂಎಯನ್ನು 2018ರಲ್ಲಿ ಆಕ್ಟೋಪಸ್ಸಿಗೂ ಕೊಟ್ಟರು. ಕೊಟ್ಟವರು ಗುಲ್ ಡೋಲೆನ್ ಮತ್ತು ಎರಿಕ್ ಎಡ್ಸಿಂಗರ್ ಅನ್ನೋ ವಿಜ್ಞಾನಿಗಳು. ಆಕ್ಟೋಪಸ್ ಒಂಟಿ ಪ್ರಾಣಿ. ಇನ್ನೊಂದು ಆಕ್ಟೋಪಸ್ ಕಂಡರೆ ದೂರ ಹೋಗುತ್ತೆ. ಔಷಧಿ ಬೆರೆಸಿದ ನೀರಿನಲ್ಲಿ ಬಿಟ್ಟು ತೆಗೆದ ಮೇಲೆ, ಪಾತ್ರೆಯಲ್ಲಿ ಮುಚ್ಚಿಟ್ಟಿದ್ದ ಇನ್ನೊಂದರ ಹತ್ತಿರ ಹೋಗಿ, ಆ ಪಾತ್ರೆಯನ್ನೇ ತಬ್ಬಿತಂತೆ. ನಮಗೂ ಅದಕ್ಕೂ ನಂಟು ಕಡಿದು 50 ಕೋಟಿ ವರ್ಷಕ್ಕೂ ಮೇಲಾಗಿದೆ. ಆದರೂ ಒಂದೇ ರಾಸಾಯನಿಕ ಎರಡೂ ಕಡೆ ಕೆಲಸ ಮಾಡುತ್ತೆ ಅಂತ ವಿಜ್ಞಾನಿಗಳಿಗೆ ಬೆರಗು. ತಮ್ಮನಿಗೆ ಇದನ್ನು ಓದಿ ಹೇಳಿದೆ. ಅವನು ಕೇಳಿದ್ದು ಒಂದೇ. "ಔಷಧ ಇಳದ ಮ್ಯಾಲೆ ಅದು ಎಲ್ಲಿಗೆ ಹೋತು?"

ಡೇಮಿಯನ್ ಮಿಲ್ಟನ್ ಅಂತ ಬ್ರಿಟನ್ನಿನ ಸಮಾಜಶಾಸ್ತ್ರಜ್ಞರಿದ್ದಾರೆ. ಅವರಿಗೂ ಆಟಿಸಂ. ಅರ್ಥವಾಗದಿರುವುದು ಒಂದೇ ಕಡೆಯ ತೊಂದರೆಯಲ್ಲ, ಎರಡೂ ಕಡೆಯದು ಅಂತ 2012ರಲ್ಲಿ ಬರೆದರು. ಆಮೇಲೆ ಒಂದು ತಂಡ ಕಿವಿಯಿಂದ ಕಿವಿಗೆ ಮಾತು ದಾಟಿಸುವ ಆಟದ ಹಾಗೆ, ಎಂಟೆಂಟು ಜನರ ಸಾಲು ಮಾಡಿ ಒಂದು ಕತೆ ದಾಟಿಸಿತು. ಎಲ್ಲರಿಗೂ ಆಟಿಸಂ ಇರುವ ಸಾಲು, ಯಾರಿಗೂ ಇಲ್ಲದ ಸಾಲು, ಎರಡೂ ಬೆರೆತ ಸಾಲು. 2020ರಲ್ಲಿ ಬಂದ ಫಲಿತಾಂಶದಲ್ಲಿ ಮೊದಲ ಎರಡು ಸಾಲುಗಳೂ ಸಮಸಮ. ಕತೆ ಜಾಸ್ತಿ ಸೋರಿದ್ದು ಬೆರೆತ ಸಾಲಿನಲ್ಲಿ. ಮುಂದೆ ಇನ್ನೂ ಹೆಚ್ಚು ಜನರನ್ನು ಸೇರಿಸಿ ಮಾಡಿದಾಗ ಬೆರೆತ ಸಾಲೂ ಅಷ್ಟೇನೂ ಸೋರಲಿಲ್ಲ. ಆಟಿಸಂ ಇರುವವರ ಸಾಲು ಮಾತ್ರ ಎರಡು ಸಲವೂ ಯಾರಿಗೂ ಕಡಿಮೆ ಇರಲಿಲ್ಲ. ಇದನ್ನು ಕಾಕಾನ ಮನೆಯ ಊಟಕ್ಕೆ ಹಚ್ಚಿ ನೋಡಿದೆ. ಕರೆದಿದ್ದು ಕಾಕಾ. ಹೋದವನು ತಮ್ಮ. ತಪ್ಪು ಯಾರದು?

ಆ ಮಧ್ಯಾಹ್ನಕ್ಕೆ ವಾಪಸ್ ಬರುತ್ತೇನೆ. ಮಳೆ ಜೋರಾಗಿತ್ತು. ಅವರು ಹೋಗುವ ಹಾಗಿರಲಿಲ್ಲ. ನಾನು ಔಷಧಿ ಅಂಗಡಿಯವಳು ಕೇಳುವ ಪ್ರಶ್ನೆಗಳನ್ನೇ ಕೇಳಿದೆ. ಹುಡುಗ ಮಲಗುತ್ತಾನಾ? "ಎರಡಕ್ಕ ಏಳ್ತಾನ್ರಿ." ಊಟ? "ಬರೇ ಬಿಸ್ಕಿಟ್, ಅನ್ನ." ಹಲ್ಲು ನೋವು ಇದೆಯಾ? ಗೊತ್ತಿಲ್ಲ. ಹೊರಗಡೆಗೆ ಸರಿಯಾಗಿ ಆಗುತ್ತಾ? ಅವರು ಬೆರಳು ಮಡಿಚಿ ಎಣಿಸಿದರು. "ಐದು ದಿನ ಆತ್ರಿ."

ಐದು ದಿನ ಹೊಟ್ಟೆ ಕಟ್ಟಿದರೆ ನಾನೂ ಯಾರ ಮುಖ ನೋಡಲ್ಲ. ಆಟಿಸಂ ಇರುವ ಮಕ್ಕಳಲ್ಲಿ ಈ ಮಲಬದ್ಧತೆ ಬಹಳ ಸಾಮಾನ್ಯ. ಹೇಳಲು ಮಾತು ಬಾರದವರು ನೋವನ್ನು ಕೂಗಿ, ಕಚ್ಚಿ, ಎದ್ದು ಓಡಿ ತೋರಿಸುತ್ತಾರೆ. ತಮ್ಮ ಕೈ ಕಚ್ಚಿಕೊಂಡ ವರ್ಷ ಅವನ ಒಂದು ದವಡೆ ಹಲ್ಲು ಪೂರ್ತಿ ಹುಳುಕಾಗಿತ್ತು. ನಮಗೆ ಗೊತ್ತಾಗಿದ್ದು ಗುಳಿಗೆ ಶುರುವಾದ ಎಂಟು ತಿಂಗಳ ನಂತರ. ಹಾಗಾದರೆ ಆ ಗುಳಿಗೆ ಏನನ್ನು ನಿಲ್ಲಿಸಿತ್ತು, ನೋವನ್ನೋ, ತೋರಿಸುವುದನ್ನೋ?

ಒಂದು ಚೀಟಿಯ ಮೇಲೆ ಬರೆದುಕೊಟ್ಟೆ. ಮೊದಲು ಮಕ್ಕಳ ಡಾಕ್ಟರು, ಹೊಟ್ಟೆ ಮತ್ತು ಹಲ್ಲು. ಆಮೇಲೆ ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್, ಅಲ್ಲಿ ಅಂಗವಿಕಲರ ಯುಡಿಐಡಿ ಕಾರ್ಡಿನ ಬಗ್ಗೆಯೂ ಕೇಳಿ ಅಂತ. 2016ರ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ. ಧಾರವಾಡ ಅಂದ ಕೂಡಲೇ ಅವರ ಮುಖ ಸಣ್ಣದಾಯಿತು. 1845ರಲ್ಲಿ ಬ್ರಿಟಿಷರು ಅಲ್ಲಿ ಹುಚ್ಚಾಸ್ಪತ್ರೆ ಕಟ್ಟಿದಾಗಿನಿಂದ ನಮ್ಮ ಕಡೆ ಧಾರವಾಡಕ್ಕ ಕಳಸಬೇಕು ಅಂದ್ರೆ ಒಂದೇ ಅರ್ಥ. "ಊರಾಗ ಏನಂತಾರ್ರಿ ಅಕ್ಕಾರ?" ಅಂದರು. "ಪೇಢೆ ತರಾಕ ಹೋಗಿದ್ವಿ ಅನ್ರಿ" ಅಂದೆ. ನಕ್ಕರು. ಒಳ್ಳೆಯ ನಗು. ತಮ್ಮನ ಕುತ್ತಿಗೆ ಒಳಗೆ ಹೋಗಲಿಲ್ಲ, ನಾನು ತಿರುಗಿ ನೋಡಿದೆ.

ಮಳೆ ನಿಂತಿತು. ಅವರು ಚೀಟಿಯನ್ನೂ ಮೊಬೈಲನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೇಬಿಗೆ ಹಾಕಿದರು. ಮೆಟ್ಟಿಲಿಳಿಯುತ್ತಾ ಎಲ್ಲರೂ ಹೇಳುವ ಹಾಗೆ "ಬರ್ತೀನ್ರಿ" ಅಂದರು.

"ಯಾವಾಗ?" ಅಂದ ತಮ್ಮ.

ಅವರು ನಿಂತರು. ನನ್ನ ಕಡೆ ನೋಡಿದರು. ನಾನು ಏನೂ ಅನ್ನಲಿಲ್ಲ. ಅವರು ತಮ್ಮನನ್ನು ನೋಡಿದರು. ಅವನು ಸ್ಟ್ರಿಪ್‌ಗಳನ್ನು ನೋಡುತ್ತಿದ್ದ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಬುಧವಾರ ಬರ್ತೀನಪಾ, ಹುಡುಗನ್ನ ಕರಕೊಂಡು" ಅಂದರು.

ತಮ್ಮ ಎದ್ದು ಗೋಡೆಯ ಕ್ಯಾಲೆಂಡರಿನಲ್ಲಿ ಬುಧವಾರದ ಮನೆಯೊಳಗೆ ಬರೆದ. "ಎಮ್ಮಿಯವರು. ಇಬ್ಬರು."